ರೋಬ್ಸ್‌ಪಿಯರ್‌ನ ಸಾವಿನಿಂದ ನೆಪೋಲಿಯನ್‌ನ ಆಗಮನದವರೆಗಿನ ಐದು ವರ್ಷಗಳು

1804ರ ನಂತರ ಕೆಲವು ವರ್ಷ ಫ್ರಾನ್ಸಿನಲ್ಲಿ ಚಲಾವಣೆಗೆ ಬಂದ ನಾಣ್ಯಗಳ ಒಂದು ಮುಖದಲ್ಲಿ ನೆಪೋಲಿಯನ್ನನ ತಲೆ ಇದೆ, ಸುತ್ತಲೂ ‘ನೆಪೋಲಿಯನ್ ಚಕ್ರವರ್ತಿ’ ಎಂಬ ಬರಹವಿದೆ. ಅದೇ ನಾಣ್ಯವನ್ನು ಮಗುಚಿದರೆ ಎಲೆಗಳ ಮಾಲೆಯ ನಡುವೆ ಅದರ ಬೆಲೆ, ಅಂಚಿನಲ್ಲಿ ‘ಫ್ರೆಂಚ್ ಗಣರಾಜ್ಯ’ ಎಂಬ ಅಕ್ಷರಗಳು. ಇದು ಟಂಕಸಾಲೆಯವರ ಕಣ್ತಪ್ಪಲ್ಲ. ಗಣರಾಜ್ಯದ ಆಡಳಿತವನ್ನು ಒಬ್ಬ ಚಕ್ರವರ್ತಿಗೆ ವಹಿಸಲಾಗಿದೆ ಎಂದು ಆ ವರ್ಷದ ಸಂವಿಧಾನದ ಮೊದಲ ವಿಧಿಯೇ ಹೇಳುತ್ತದೆ. ಅರಸನ ತಲೆ ತೆಗೆದ ದೇಶ ಕೇವಲ ಹನ್ನೊಂದು ವರ್ಷಗಳಲ್ಲಿ ಈ ವಾಕ್ಯವನ್ನು ಒಪ್ಪಿಕೊಂಡದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ನಾವು ಶಾಲೆಯಲ್ಲಿ ಓದಿದ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. 1789ರಲ್ಲಿ ಬ್ಯಾಸ್ಟೀಲ್ ಬಿತ್ತು, 1793ರ ಜನವರಿಯಲ್ಲಿ ಹದಿನಾರನೇ ಲೂಯಿಯ ಶಿರಚ್ಛೇದವಾಯಿತು, ಭಯದ ಆಳ್ವಿಕೆ ಬಂತು, 1794ರ ಜುಲೈಯಲ್ಲಿ ಅದರ ಮುಂದಾಳು ರೋಬ್ಸ್‌ಪಿಯರ್ ಕೂಡ ಗಿಲೊಟಿನ್‌ಗೆ ಬಲಿಯಾದ. ಅಲ್ಲಿಂದ ಪುಟ ತಿರುವಿದರೆ ನೆಪೋಲಿಯನ್ ಕುದುರೆಯ ಮೇಲೆ ಕುಳಿತಿರುತ್ತಿದ್ದ. ನಡುವಿನ ಐದು ವರ್ಷಗಳಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಎರಡು ಸಾಲು. ಗಣರಾಜ್ಯದ ಜೀವ ಹೋದದ್ದು ಆ ಎರಡು ಸಾಲುಗಳೊಳಗೇ ಎಂಬುದು ನನ್ನ ದೃಢ ಅಭಿಪ್ರಾಯ.

ರೋಬ್ಸ್‌ಪಿಯರ್‌ನನ್ನು ಉರುಳಿಸಿದವರು ಧಾನ್ಯಕ್ಕೆ ವಿಧಿಸಿದ್ದ ಗರಿಷ್ಠ ಬೆಲೆಯ ಕಾನೂನನ್ನು ಅದೇ ವರ್ಷದ ಡಿಸೆಂಬರಿನಲ್ಲಿ ತೆಗೆದುಹಾಕಿದರು. ಕಡುಚಳಿಯ ಆ ಕಾಲದಲ್ಲಿ ಕಾಗದದ ಹಣ ದಿನದಿನಕ್ಕೆ ಬೆಲೆ ಕಳೆದುಕೊಳ್ಳುತ್ತಿದ್ದಾಗ ಪ್ಯಾರಿಸಿನ ಬಡವರು ಬ್ರೆಡ್ಡಿಗಾಗಿ ಸಾಲುಗಟ್ಟಿ ನಿಂತರು. 1795ರ ಮೇ ತಿಂಗಳಲ್ಲಿ ಹೆಂಗಸರು ಮುಂದಾಗಿ ಜನ ರಾಷ್ಟ್ರೀಯ ಸಭೆಯೊಳಕ್ಕೆ ನುಗ್ಗಿದಾಗ ಅವರು ಕೇಳಿದ್ದು ಎರಡನ್ನೇ: ಬ್ರೆಡ್ಡು ಮತ್ತು 1793ರ ಸಂವಿಧಾನ. ಗಂಡಸರಿಗೆಲ್ಲ ಮತದಾನದ ಹಕ್ಕು ಕೊಟ್ಟಿದ್ದ ಆ ಸಂವಿಧಾನ ಒಂದು ದಿನವೂ ಜಾರಿಗೆ ಬಂದಿರಲಿಲ್ಲ. ಸರ್ಕಾರ ಸೈನ್ಯವನ್ನು ಕರೆಸಿ ಬಂಡಾಯವನ್ನು ಅಡಗಿಸಿತು, ಬೀದಿಯಲ್ಲಿ ಐವರಿಗಿಂತ ಹೆಚ್ಚು ಹೆಂಗಸರು ಗುಂಪುಗೂಡಬಾರದೆಂದು ಆಜ್ಞೆ ಹೊರಡಿಸಿತು. 1789ರ ಅಕ್ಟೋಬರಿನಲ್ಲಿ ವರ್ಸೇಲ್ಸ್‌ವರೆಗೆ ನಡೆದುಹೋಗಿ ಅರಸನನ್ನೇ ಪ್ಯಾರಿಸಿಗೆ ಕರೆತಂದಿದ್ದವರೂ ಇದೇ ನಗರದ ಹೆಂಗಸರೇ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಆ ಮೇ ತಿಂಗಳ ನಂತರ ಗಣರಾಜ್ಯವನ್ನು ಕಾಪಾಡಲು ಬೀದಿಗಿಳಿಯುವ ಜನ ಉಳಿಯಲಿಲ್ಲ.

ಅದೇ ವರ್ಷ ಬಂದ ಹೊಸ ಸಂವಿಧಾನ ಎರಡು ಶಾಸನಸಭೆಗಳನ್ನೂ ಐವರು ಆಡಳಿತಗಾರರ ಡೈರೆಕ್ಟರಿಯನ್ನೂ ರಚಿಸಿತು. ಪ್ರತಿನಿಧಿಗಳನ್ನು ಅಂತಿಮವಾಗಿ ಆರಿಸುವ ಅಧಿಕಾರ ಇಡೀ ದೇಶದಲ್ಲಿ ಸುಮಾರು 30,000 ಆಸ್ತಿವಂತರ ಕೈಗೆ ಹೋಯಿತು. ಅದೂ ಸಾಲದೆಂಬಂತೆ, ಹೊಸ ಸಭೆಯ ಮೂರನೇ ಎರಡು ಪಾಲು ಸದಸ್ಯರು ಹಳೆಯ ಸಭೆಯವರೇ ಆಗಿರಬೇಕೆಂದು ಆ ಹಳೆಯ ಸದಸ್ಯರೇ ನಿಯಮ ಮಾಡಿಕೊಂಡರು. ಇದನ್ನು ವಿರೋಧಿಸಿ ಅಕ್ಟೋಬರಿನಲ್ಲಿ ಎದ್ದ ರಾಜಪಕ್ಷಪಾತಿಗಳನ್ನು ಪ್ಯಾರಿಸಿನ ಬೀದಿಗಳಲ್ಲಿ ಫಿರಂಗಿಯಿಂದ ಚದುರಿಸಿದ ಯುವ ಸೇನಾಧಿಕಾರಿಯ ಹೆಸರು ನೆಪೋಲಿಯನ್ ಬೋನಪಾರ್ಟೆ.

ಮುಂದಿನದು ನನಗೆ ಇನ್ನೂ ಹೆಚ್ಚು ನೋವು ಕೊಡುವ ಭಾಗ. 1797ರ ಚುನಾವಣೆಯಲ್ಲಿ ರಾಜಪಕ್ಷದ ಕಡೆ ಒಲವುಳ್ಳವರು ಗೆದ್ದರು. ಐವರು ಡೈರೆಕ್ಟರುಗಳಲ್ಲಿ ಮೂವರು ಸೆಪ್ಟೆಂಬರಿನಲ್ಲಿ ಸೈನ್ಯವನ್ನು ತರಿಸಿ 49 ಪ್ರಾಂತ್ಯಗಳ ಫಲಿತಾಂಶವನ್ನು ರದ್ದುಮಾಡಿಸಿದರು. ಮರುವರ್ಷ ಎಡಪಕ್ಷದ ಜಾಕೋಬಿನ್ನರು ಗೆದ್ದಾಗ ಮತ್ತೆ 106 ಮಂದಿ ಆಯ್ಕೆಯಾದವರನ್ನು ಹೊರಗಿಟ್ಟರು. ಎರಡು ಸಲವೂ ಹೇಳಿದ ಕಾರಣ ಒಂದೇ, ಗಣರಾಜ್ಯವನ್ನು ಉಳಿಸಬೇಕೆಂಬುದು. ಹಾಗೆ ಹೇಳಿದವರಲ್ಲಿ ಅದನ್ನು ಮನಸಾರೆ ನಂಬಿದವರೂ ಇದ್ದರು. ಯುದ್ಧ ನಡೆಯುತ್ತಿತ್ತು, ಅರಸೊತ್ತಿಗೆ ಮರಳುವ ಭಯ ಸುಳ್ಳಾಗಿರಲಿಲ್ಲ. ಆದರೂ ತಮಗೆ ಒಪ್ಪಿಗೆಯಾಗದ ಮತವನ್ನು ಎಣಿಕೆಯಿಂದ ಕಿತ್ತುಹಾಕಿದ ಮೇಲೆ ಮತಗಟ್ಟೆಗೆ ಹೋಗುವವರು ಏಕೆ ಹೋಗಬೇಕು? ಸೈನ್ಯವಿಲ್ಲದೆ ಸರ್ಕಾರ ನಿಲ್ಲದು ಎಂಬುದನ್ನು ಸೈನಿಕರಿಗೆ ಕಲಿಸಿದವರು ಈ ಗಣರಾಜ್ಯವಾದಿಗಳೇ.

1799ರ ನವೆಂಬರ್ 10ರಂದು, ಪ್ಯಾರಿಸಿನ ಹೊರಗಿನ ಸ್ಯಾಂ ಕ್ಲೂ ಅರಮನೆಯಲ್ಲಿ, ಸೈನಿಕರು ಆ ಪಾಠವನ್ನು ಒಪ್ಪಿಸಿದರು. ಬೋನಪಾರ್ಟೆ ಕೆಲವು ಸೈನಿಕರೊಡನೆ ಎರಡು ಶಾಸನಸಭೆಗಳಲ್ಲೊಂದಾದ ಐನೂರರ ಸಭೆಯೊಳಗೆ ಕಾಲಿಟ್ಟಾಗ ಸದಸ್ಯರು ಎದ್ದು ನಿಂತು ‘ಇವನನ್ನು ಕಾನೂನುಬಾಹಿರನೆಂದು ಸಾರಿ’ ಎಂದು ಕೂಗಿದರು. ಆ ದಿನಗಳಲ್ಲಿ ಆ ಮಾತಿಗೆ ವಿಚಾರಣೆಯಿಲ್ಲದ ಮರಣದಂಡನೆ ಎಂದೇ ಅರ್ಥ. ರೋಬ್ಸ್‌ಪಿಯರ್‌ನನ್ನು ಮುಗಿಸಿದ್ದೂ ಅದೇ ಘೋಷಣೆ. ಕಂಗೆಟ್ಟ ಬೋನಪಾರ್ಟೆಯನ್ನು ಅವನ ಸೈನಿಕರು ಹೊರಕ್ಕೆ ಕರೆದೊಯ್ದರು. ಆಗ ಕೆಲಸವನ್ನು ಪೂರೈಸಿದವನು ಅದೇ ಸಭೆಯ ಅಧ್ಯಕ್ಷ, ಅವನ ತಮ್ಮ ಲೂಸಿಯೆನ್. ಅಂಗಳದಲ್ಲಿದ್ದ ಸೈನಿಕರೆದುರು ನಿಂತು, ಕಠಾರಿ ಹಿಡಿದ ಕೆಲವರು ಸಭೆಯನ್ನು ಒತ್ತೆಯಿಟ್ಟುಕೊಂಡಿದ್ದಾರೆ ಎಂದು ಸುಳ್ಳು ಹೇಳಿದ. ನಗಾರಿ ಬಾರಿಸುತ್ತ ಸೈನಿಕರು ಒಳನುಗ್ಗಿದಾಗ ಪ್ರತಿನಿಧಿಗಳು ಕಿಟಕಿಗಳಿಂದ ಹಾರಿ ಓಡಿದರು. ಆ ರಾತ್ರಿಯೇ ಅಳಿದುಳಿದವರನ್ನು ಕೂಡಿಸಿ, ಮತ ಹಾಕಿಸಿ, ಬೋನಪಾರ್ಟೆ ಸೇರಿ ಮೂವರು ಹೊಸ ಆಡಳಿತಗಾರರಿಗೆ, ಅಂದರೆ ಕಾನ್ಸಲ್‌ಗಳಿಗೆ ಅಧಿಕಾರ ಕೊಡಿಸಲಾಯಿತು.

ಈ ಕಥೆಯ ಒಂದು ಎಳೆ ನಮ್ಮ ನೆಲದವರೆಗೂ ಚಾಚಿದೆ. ಟಿಪ್ಪು ಸುಲ್ತಾನನ ರಾಯಭಾರಿಗಳು 1788ರಲ್ಲಿ ವರ್ಸೇಲ್ಸ್‌ನಲ್ಲಿ ಕಂಡದ್ದು ಹದಿನಾರನೇ ಲೂಯಿಯನ್ನು. ಹನ್ನೊಂದು ವರ್ಷಗಳ ಮೇಲೆ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದವನು ಬೋನಪಾರ್ಟೆ, ಅದು ದಾರಿಯಲ್ಲೇ ಬ್ರಿಟಿಷರ ವಶವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಫ್ರೆಂಚ್ ಗಣರಾಜ್ಯಕ್ಕೆ ಉಳಿದಿದ್ದದ್ದು ಆರು ತಿಂಗಳ ಆಯುಷ್ಯ.

ನೆಪೋಲಿಯನ್ ತಂದ ನಾಗರಿಕ ಸಂಹಿತೆಯನ್ನೂ ಆಡಳಿತದ ಶಿಸ್ತನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ 1800ರ ಜನವರಿಯಲ್ಲಿ ಪ್ಯಾರಿಸಿನ 73 ರಾಜಕೀಯ ಪತ್ರಿಕೆಗಳಲ್ಲಿ 60ನ್ನು ಮುಚ್ಚಿಸಿದವನೂ, 1794ರಲ್ಲಿ ಗಣರಾಜ್ಯ ಕಿತ್ತೊಗೆದಿದ್ದ ಗುಲಾಮಗಿರಿಯನ್ನು 1802ರಲ್ಲಿ ವಸಾಹತುಗಳಿಗೆ ಮರಳಿ ತಂದವನೂ ಅವನೇ. 1804ರಲ್ಲಿ ಸಾಮ್ರಾಜ್ಯಕ್ಕೆ ಜನಮತ ಕೇಳಿದಾಗ 35 ಲಕ್ಷಕ್ಕೂ ಹೆಚ್ಚು ಮಂದಿ ‘ಹೌದು’ ಎಂದರೆಂದು ಪ್ರಕಟಿಸಿದರು. ‘ಇಲ್ಲ’ ಎಂದವರು ಸುಮಾರು ಎರಡೂವರೆ ಸಾವಿರ. ಅಂದು ಗುಪ್ತ ಮತದಾನವಿರಲಿಲ್ಲ. ಎಲ್ಲರಿಗೂ ಕಾಣುವ ದಾಖಲೆ ಪುಸ್ತಕದಲ್ಲಿ ಹೆಸರು ಬರೆದು ‘ಇಲ್ಲ’ ಎನ್ನಬೇಕಿತ್ತು.

ಅದೇ ವರ್ಷ ಟ್ರಿಬ್ಯುನೇಟ್ ಎಂಬ ಸಭೆಯಲ್ಲಿ ಸಾಮ್ರಾಜ್ಯದ ಪ್ರಸ್ತಾಪವನ್ನು ವಿರೋಧಿಸಿ ಮಾತನಾಡಿದವನು ಒಬ್ಬನೇ, ಲಜಾರ್ ಕಾರ್ನೋ. ಅರಸನ ಸಾವಿಗೆ ಮತ ಹಾಕಿದ್ದ, ರೋಬ್ಸ್‌ಪಿಯರ್‌ನ ಜೊತೆ ಒಂದೇ ಸಮಿತಿಯಲ್ಲಿದ್ದು ಗಣರಾಜ್ಯದ ಸೈನ್ಯಗಳನ್ನು ಕಟ್ಟಿದ್ದ, ಡೈರೆಕ್ಟರ್ ಆಗಿದ್ದಾಗ 1797ರ ಆ ಸೆಪ್ಟೆಂಬರಿನಲ್ಲಿ ತನ್ನ ಜೊತೆಗಾರರಿಂದಲೇ ಪದಚ್ಯುತನಾಗಿ ದೇಶ ಬಿಟ್ಟು ಓಡಿದ್ದ ಮನುಷ್ಯ ಅವನು. ಅವನ ಮಾತನ್ನು ಸಭೆ ಕೇಳಿಸಿಕೊಂಡಿತು, ಆಮೇಲೆ ಪ್ರಸ್ತಾಪವನ್ನು ಅಂಗೀಕರಿಸಿತು. 1807ರಲ್ಲಿ ನೆಪೋಲಿಯನ್ ಆ ಸಭೆಯನ್ನೇ ರದ್ದುಪಡಿಸಿದ.