ಟೈಲ್ಸ್ ಅಂಗಡಿಗೆ ಹೋಗೋ ಮುಂಚೆ ನಿಮ್ಮನೆ ನೀರು ಯಾವ್ದು ನೋಡ್ಕೊಳ್ಳಿ

ಮೂರು ವಾರದ ಹಿಂದೆ ಭಾನುವಾರ ಬೆಳಗ್ಗೆ ಯುಟಿಲಿಟಿ ಕಡೆಯಿಂದ ಟಪ್ ಅಂತ ಸದ್ದು ಬಂತು. ವಾಷಿಂಗ್ ಮಿಷನ್ನು ಕೊನೇ ಸ್ಪಿನ್‌ನಲ್ಲಿತ್ತು, ಓಡಿ ಹೋಗಿ ನೋಡಿದ್ರೆ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಬಂದ್ಬಿಟ್ಟಿದೆ, ಎಡಗಾಲಿನ ಕೆಳಗಿದ್ದ ಟೈಲು ಮೂಲೆಯಿಂದ ಮೂಲೆಗೆ ಸೀಳಿದೆ. ಮನೆ ಗೃಹಪ್ರವೇಶ ಆಗಿ ಇನ್ನೂ ನಾಲ್ಕು ವರ್ಷ ತುಂಬಿಲ್ಲ, ಹೊಟ್ಟೆ ಉರಿದುಹೋಯ್ತು.

ಸರ್ವೀಸ್‌ನವರು ಬಂದು ಲೆವೆಲ್ ಇಟ್ಟು ನೋಡಿ ಮೇಡಂ ಮಿಷನ್ ಸರಿ ಇದೆ, ನಿಮ್ಮ ನೆಲ ಸರಿ ಇಲ್ಲ ಅಂದ್ರು. ಟೈಲ್ಸ್ ಕೂರಿಸಿದ ಮೇಸ್ತ್ರಿಗೆ ಫೋನ್ ಮಾಡಿದ್ರೆ ಅಕ್ಕ ನೆಲ ಗಟ್ಟಿ ಐತೆ, ಮಿಷನ್ನೇ ಕುಣೀತೈತೆ ಅಂದ್ರು. ಇಬ್ಬರ ಮಾತೂ ಕೇಳಿ ಸಾಕಾಗಿ ಅವತ್ತು ಮಧ್ಯಾಹ್ನ ನಾನೇ ಒಂದು ಐದು ರೂಪಾಯಿ ನಾಣ್ಯ ಹಿಡ್ಕೊಂಡು ನೆಲದ ಮೇಲೆ ಕೂತು ಒಂದೊಂದೇ ಟೈಲು ತಟ್ಕೊಂಡು ಹೋದೆ. ಗಟ್ಟಿಯಾಗಿ ಕೂತಿರೋದು ಟಿಕ್ ಟಿಕ್ ಅನ್ನುತ್ತೆ, ಕೆಳಗೆ ಟೊಳ್ಳಿರೋದು ಖಾಲಿ ಮಡಕೆ ತಟ್ಟಿದ ಹಂಗೆ ಡೊಬ್ ಡೊಬ್ ಅನ್ನುತ್ತೆ, ಒಂದ್ಸಲ ಕಿವಿಗೆ ಗೊತ್ತಾದ್ರೆ ಆಮೇಲೆ ತಪ್ಪೋದೇ ಇಲ್ಲ. ಇಪ್ಪತ್ತನಾಲ್ಕು ಟೈಲ್‌ನಲ್ಲಿ ಒಂಬತ್ತು ಡೊಬ್ ಅಂದ್ವು. ಜಾಯಿಂಟಲ್ಲಿ ಫಿಲ್ಲರ್ರೇ ಇಲ್ಲ, ಸೀರೆ ಪಿನ್ನು ಚುಚ್ಚಿದ್ರೆ ಟೈಲಿನ ದಪ್ಪದಷ್ಟೂ ಒಳಗೆ ಇಳೀತು, ಹೊರಗೆ ತೆಗೆದ್ರೆ ತುದೀಲಿ ತೇವ.

ಅಲ್ಲಿ ಕೂತಾಗ್ಲೇ ನಂಗೆ ಹೊಳೆದಿದ್ದು. ಈ ಮನೇಲಿ ನಾಲ್ಕು ವರ್ಷದಿಂದ ಗೀಸರ್ ಕೆಟ್ಟಿದ್ದು, ಮಿಷನ್ ವಾಸನೆ ಬರೋದು, ಬಾತ್‌ರೂಮ್ ಟೈಲ್ಸ್ ಬಿಳಿಬಿಳಿ ಆಗಿದ್ದು, ಈಗ ಇದು ಸೀಳಿದ್ದು, ಇದನ್ನೆಲ್ಲ ಬೇರೆ ಬೇರೆ ತೊಂದರೆ ಅಂದ್ಕೊಂಡು ಒಂದೊಂದಕ್ಕೆ ಒಬ್ಬೊಬ್ಬರನ್ನ ಕರೆಸಿ ದುಡ್ಡು ಕೊಟ್ಟಿದ್ದೀನಿ, ಆದ್ರೆ ಎಲ್ಲದಕ್ಕೂ ಬೇರು ಒಂದೇ, ಅದು ನೀರು.

ನಾವಿರೋದು ಮೈಸೂರಿನ ಬನ್ನೂರು ರೋಡ್ ಕಡೆ ಒಂದು ಲೇಔಟ್‌ನಲ್ಲಿ, ಕಾವೇರಿ ಲೈನ್ ಇನ್ನೂ ನಮ್ಮ ಬೀದಿಗೆ ಬಂದಿಲ್ಲ, ಬೋರ್‌ವೆಲ್ಲೇ ಗತಿ. ಮೊದಲು ಸರಸ್ವತಿಪುರಂನಲ್ಲಿ ಬಾಡಿಗೆಗೆ ಇದ್ವಿ, ಅಲ್ಲಿ ನಲ್ಲೀಲಿ ಕಾವೇರಿ ನೀರು, ಹಂಗಾಗಿ ಗಡಸು ನೀರು ಅಂದ್ರೆ ಏನು ಅಂತಾನೇ ಮರೆತುಹೋಗಿತ್ತು. ಮಂಡ್ಯ ಕಡೆ ಹಳ್ಳೀಲಿ ಬೆಳೆದೋಳು ನಾನು, ಮರೀಬಾರದಿತ್ತು. ನಮ್ಮಜ್ಜಿ ಹೊಸ ಬಾವಿ ನೀರು ಬಂದ್ರೆ ಮೊದಲು ತೊಗರಿಬೇಳೆ ಬೇಯಿಸಿ ನೋಡೋರು, ಬೇಳೆ ಬೇಯದ ನೀರು ಬಟ್ಟೇನೂ ಒಗೆಯಲ್ಲ ಕಣವ್ವ ಅನ್ನೋರು. ಅಷ್ಟೇ ವಿಷಯ ಅದು, ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿ ಇದ್ರೆ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ನೀರು ಕಾಯಿಸಿದ್ರೆ ಪಾತ್ರೆ ತಳದಲ್ಲಿ ಬಿಳೀ ಪೊರೆ ಕಟ್ಟುತ್ತೆ. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಲೆಕ್ಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 600ರವರೆಗೆ ನಡೆಯುತ್ತೆ. ನಮ್ಮನೇದು ಮೊನ್ನೆ ಟೆಸ್ಟ್ ಮಾಡಿಸಿದ್ರೆ 640 ಬಂತು.

ಈಗ ನೋಡಿ ಇದು ಹೆಂಗೆ ಟೈಲ್ ಸೀಳೋವರೆಗೂ ಬಂತು ಅಂತ. ಅಂಗಡೀಲಿ ನಾನು ಆರಿಸಿದ್ದು ಕಡುಬೂದು ಬಣ್ಣದ್ದು, ಮುಖ ಕಾಣೋ ಅಷ್ಟು ಹೊಳಪು. ಅಲ್ಲಿ ಮೇಲಿಂದ ಲೈಟ್ ಬಿಟ್ಟಿರ್ತಾರೆ, ನೆಲ ಒಣಗಿರುತ್ತೆ, ಚೆನ್ನಾಗೇ ಕಾಣುತ್ತೆ. ಸೈಜ್ ಕೇಳಿದ್ರು, ಬಜೆಟ್ ಕೇಳಿದ್ರು, ಗೋಡೆ ಬಣ್ಣ ಕೇಳಿದ್ರು, ನಿಮ್ಮನೆ ನೀರು ಯಾವ್ದು ಅಂತ ಒಬ್ಬರೂ ಕೇಳಲಿಲ್ಲ. ಬೋರ್ ನೀರಲ್ಲಿ ಒರೆಸಿದ ಎರಡೇ ತಿಂಗಳಿಗೆ ಕಡುಬೂದು ಮೇಲೆ ಬೂದಿ ಎರಚಿದ ಹಂಗೆ ಕಾಣೋಕೆ ಶುರುವಾಯ್ತು. ಯಾರೋ ಆಸಿಡ್ ಹಾಕಿ ಅಂದ್ರು, ಹಾಕಿಸಿದೆ. ಹೊಳೀತು. ಹದಿನೈದು ದಿನಕ್ಕೆ ಮತ್ತೆ ಬಿಳಿ, ಮತ್ತೆ ಆಸಿಡ್. ನಮ್ಮನೇದು ವಿಟ್ರಿಫೈಡ್ ಟೈಲು, ಅಂದ್ರೆ ಗಾಜಿನ ಹಂಗೆ ಗಟ್ಟಿಯಾಗೋವರೆಗೂ ಸುಟ್ಟಿರೋದು, ಅದಕ್ಕೆ ಆಸಿಡ್‌ನಿಂದ ಅಷ್ಟು ಬೇಗ ಏನೂ ಆಗಲ್ಲ ನಿಜ, ಆದ್ರೆ ಎರಡು ಟೈಲಿನ ಮಧ್ಯೆ ತುಂಬಿರೋದು ಸಿಮೆಂಟ್ ಕಣ್ರೀ, ಆಸಿಡ್ ಬಿದ್ದಾಗ ಬುಸ್ ಅಂತ ನೊರೆ ಬರುತ್ತಲ್ಲ ಅದು ಕೊಳೆ ಹೋಗ್ತಿರೋದು ಅಂದ್ಕೊಂಡಿದ್ದೆ, ಬಿಳಿ ಪೊರೆ ಜೊತೆ ಜಾಯಿಂಟೂ ಕರಗಿ ಹೋಗ್ತಿತ್ತು. ಜಾಯಿಂಟ್ ಹೋದ್ಮೇಲೆ ದಿನಾ ನೀರು ಕೆಳಗೆ ಇಳೀತು. ಮೇಸ್ತ್ರಿ ಟೈಲಿನ ನಾಲ್ಕು ಮೂಲೆಗೂ ಮಧ್ಯಕ್ಕೂ ಒಂದೊಂದು ಮುದ್ದೆ ಸಿಮೆಂಟ್ ಇಟ್ಟು ಒತ್ತಿದ್ರು, ಪೂರ್ತಿ ತಳಕ್ಕೆ ಬಳಿದಿರಲಿಲ್ಲ, ಹಂಗಾಗಿ ಮೊದಲೇ ಟೊಳ್ಳು ಇತ್ತು. ಅದರ ಮೇಲೆ ಫ್ರಂಟ್ ಲೋಡ್ ಮಿಷನ್, ಅರವತ್ತು ಎಪ್ಪತ್ತು ಕೆಜಿ, ಡ್ರಮ್ ಹಾರಬಾರದು ಅಂತ ಒಳಗೆ ಕಾಂಕ್ರೀಟ್ ಗಟ್ಟಿನೇ ಇಟ್ಟಿರ್ತಾರೆ, ನಿಮಿಷಕ್ಕೆ 1200 ಸುತ್ತು ತಿರುಗುತ್ತೆ. ಸೀಳದೆ ಇನ್ನೇನಾಗುತ್ತೆ.

ವಿಟ್ರಿಫೈಡ್ ನೀರು ಹೀರೋದೇ ಇಲ್ಲ ಅನ್ನೋ ಅಷ್ಟು ಕಮ್ಮಿ, 0.5 ಪರ್ಸೆಂಟ್‌ಗಿಂತ ಕೆಳಗೆ, ಅದಕ್ಕೇ ಅದು ಗಟ್ಟಿ. ಆದ್ರೆ ಅದೇ ಕಾರಣಕ್ಕೆ ಬರೀ ಸಿಮೆಂಟ್ ಹಾಲು ಅದಕ್ಕೆ ಸರಿಯಾಗಿ ಕಚ್ಚಿಕೊಳ್ಳಲ್ಲ, ಟೈಲ್ ಅಡೆಸಿವ್ ಅಂತ ಅಂಟು ಬರುತ್ತಲ್ಲ ಅದನ್ನ ಹಲ್ಲಿರೋ ಕರಣೇಲಿ ಪೂರ್ತಿ ತಳಕ್ಕೆ ಎಳೆದು ಕೂರಿಸಬೇಕು. ಮನೆ ಕಟ್ತಿರೋರು ದಯವಿಟ್ಟು ಆ ದಿನ ಪಕ್ಕದಲ್ಲಿ ನಿಂತ್ಕೊಳ್ಳಿ, ಒಂದು ಟೈಲ್ ಕೂರಿಸಿದ ತಕ್ಷಣ ಮತ್ತೆ ಎಬ್ಬಿಸಿ ತಳ ತೋರಿಸಪ್ಪ ಅಂತ ಕೇಳಿ, ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಬಾತ್‌ರೂಮು ಯುಟಿಲಿಟಿ ಎರಡಕ್ಕಾದ್ರೂ ಜಾಯಿಂಟಿಗೆ ಎಪಾಕ್ಸಿ (ಗಟ್ಟಿಯಾಗೋ ಒಂಥರಾ ರಾಳ) ಫಿಲ್ಲಿಂಗ್ ಮಾಡಿಸಿ. ಸಿಮೆಂಟ್ ಫಿಲ್ಲರ್‌ಗಿಂತ ದುಬಾರಿನೇ, ಆದ್ರೆ ನೀರೂ ಹೀರಲ್ಲ, ಆಸಿಡ್‌ಗೂ ಬೇಗ ಬಗ್ಗಲ್ಲ. ಬೋರ್ ನೀರಿದ್ರೆ ಹೊಳೆಯೋ ಕಪ್ಪು ಕಡುಬೂದು ಬೇಡವೇ ಬೇಡ, ತಿಳಿ ಬಣ್ಣ, ಮ್ಯಾಟ್. ಅಂಗಡಿಗೆ ಹೋಗುವಾಗ ಒಂದು ಬಾಟ್ಲಿ ನಿಮ್ಮನೆ ನೀರು ತಗೊಂಡು ಹೋಗಿ ಸ್ಯಾಂಪಲ್ ಪೀಸ್ ಮೇಲೆ ಸುರಿದು ಒಣಗೋಕೆ ಬಿಡಿ, ಅರ್ಧ ಗಂಟೇಲಿ ಉತ್ತರ ಸಿಗುತ್ತೆ. ಒದ್ದೆ ಇದ್ದಾಗಲೇ ಬರಿಗಾಲಲ್ಲಿ ಅದರ ಮೇಲೆ ನಿಂತೂ ನೋಡಿ. ಮನೇಲಿ ವಯಸ್ಸಾದೋರು ಇರ್ತಾರೆ, ನಮ್ಮತ್ತೆ ಆ ಹೊಳಪಿನ ಮೇಲೆ ಎರಡು ಸಲ ಜಾರಿದ್ದಾರೆ, ಬಾಗಿಲು ಹಿಡ್ಕೊಂಡು ಬಚಾವಾದ್ರು.

ಆಸಿಡ್ ವಿಷಯಕ್ಕೆ ಮತ್ತೆ ಬರ್ತೀನಿ, ಇದನ್ನ ಹೇಳದೆ ಇರೋಕಾಗಲ್ಲ. 2013ರಲ್ಲೇ ಸುಪ್ರೀಂ ಕೋರ್ಟ್ ಆಸಿಡ್‌ನ ಹಂಗೆಲ್ಲ ಕೌಂಟರ್ ಮೇಲಿಟ್ಟು ಮಾರಬಾರದು ಅಂತ ಕಡಿವಾಣ ಹಾಕಿದೆ, ಆದ್ರೂ ಲೇಬಲ್ ಇಲ್ಲದ ಬಾಟ್ಲೀಲಿ ಮನೆ ಬಾಗಿಲಿಗೇ ಬರುತ್ತೆ. ನಾನು ಹಾಕಿಸಿದೆ ಅಂತ ಬರೆದೆ ಅಲ್ವಾ, ಹಾಕಿದ್ದು ನಾನಲ್ಲ, ನಮ್ಮನೆ ಕೆಲಸಕ್ಕೆ ಬರೋ ಅಕ್ಕ. ಕಿಟಕಿ ಚಿಕ್ಕದಿರೋ ಬಾತ್‌ರೂಮಲ್ಲಿ ಮೂಗಿಗೆ ಸೆರಗು ಕಟ್ಕೊಂಡು ಕೆಮ್ಮುತ್ತಾ ಉಜ್ಜೋರು, ಕೈ ಬೆರಳ ಸಂದಿ ಎಲ್ಲ ಸುಲಿದುಹೋಗಿತ್ತು. ಅದನ್ನ ನೋಡಿಯೂ ನೋಡದ ಹಂಗೆ ಇದ್ದದ್ದಕ್ಕೆ ನಂಗೆ ಈಗಲೂ ಮನಸ್ಸು ಕುಟುಕುತ್ತೆ, ಅವರ ಹತ್ರ ಹೇಳ್ಕೊಂಡೂ ಇದ್ದೀನಿ. ಇನ್ನೊಂದು, ಟಾಯ್ಲೆಟ್ ತೊಳೆಯೋ ಆಸಿಡ್ ಲಿಕ್ವಿಡ್ಡನ್ನೂ ಬ್ಲೀಚಿಂಗ್ ಪೌಡರ್ರನ್ನೂ ಯಾವತ್ತೂ ಒಟ್ಟಿಗೆ ಹಾಕಬೇಡಿ, ಹಾಕಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಪುಟ್ಟ ಬಾತ್‌ರೂಮಲ್ಲಿ ಜೀವಕ್ಕೇ ಅಪಾಯ. ಎರಡೂ ಹಾಕಿದ್ರೆ ಇನ್ನೂ ಚೆನ್ನಾಗಿ ಹೋಗುತ್ತೆ ಅಂತ ಎಷ್ಟೋ ಜನ ಮಾಡ್ತಾರೆ. ಆಸಿಡ್ ಹೊಗೆಗೆ ಹತ್ತಿರ ಇರೋ ಕಬ್ಬಿಣ ಸ್ಟೀಲು ಎಲ್ಲ ತುಕ್ಕು ಹಿಡಿಯುತ್ತೆ, ನಮ್ಮ ಮಿಷನ್ನಿನ ಕಾಲು, ಫ್ರಿಜ್ಜಿನ ಸ್ಟ್ಯಾಂಡು ಎರಡಕ್ಕೂ ತುಕ್ಕು ಬಂದಿದ್ದು ಇದರಿಂದಲೇ.

ಈಗ ಮಾಡ್ತಿರೋದು ಇಷ್ಟೇ. ಮೊದಲು ಚೆನ್ನಾಗಿ ಗುಡಿಸೋದು, ಯಾಕಂದ್ರೆ ಮರಳಿನ ಕಣ ಇರೋವಾಗ ಒರೆಸಿದ್ರೆ ಗ್ಲೇಜ್ ಮೇಲೆ ಗೀರು ಬೀಳುತ್ತೆ (ಮೈಸೂರು ಅರಮನೆ ಒಳಗೆ ಎಲ್ರೂ ಚಪ್ಪಲಿ ಬಿಟ್ಟು ಓಡಾಡ್ತೀವಲ್ಲ, 1912ರಲ್ಲಿ ಕಟ್ಟಿ ಮುಗಿಸಿದ ಅರಮನೆ ಅದು, ಈಗ್ಲೂ ಆ ನೆಲ ನೋಡಿ). ಆಮೇಲೆ ಮಳೆ ನೀರು ಹಿಡಿದಿದ್ರೆ ಅದರಲ್ಲಿ, ಇಲ್ದಿದ್ರೆ ಬೋರ್ ನೀರಿಗೇ ಎರಡು ಹನಿ ಸೋಪ್ ಲಿಕ್ವಿಡ್ ಹಾಕಿ ಒರೆಸಿ, ತಕ್ಷಣ ಒಣ ಬಟ್ಟೇಲಿ ಇನ್ನೊಂದ್ಸಲ. ಆ ಒಣ ಬಟ್ಟೇನೇ ಮುಖ್ಯ, ನೀರು ತಾನಾಗೇ ಆರೋಕೆ ಬಿಟ್ರೆ ಬಿಳಿ ಕಲೆ ಉಳ್ಕೊಳ್ಳುತ್ತೆ.

ಗೀಸರ್ ಕಥೆ ಕೇಳಿ. ಎರಡನೇ ವರ್ಷ ನೀರು ಕಾಯ್ದೇ ಇದ್ದಾಗ ಬಿಚ್ಚಿಸಿದ್ವಿ. ಎಲಿಮೆಂಟ್ ಮೇಲೆ ಕೊಬ್ಬರಿ ಚಿಪ್ಪಿನಷ್ಟು ದಪ್ಪ ಸುಣ್ಣ, ಶಾಖ ನೀರಿಗೆ ದಾಟದೆ ಅದರ ಮೈಯಲ್ಲೇ ಉಳಿದು ಎಲಿಮೆಂಟೇ ಸುಟ್ಟುಹೋಗಿತ್ತು. ಜೊತೆಗೆ ಒಂದು ಕಡ್ಡಿ ಹೊರಗೆ ತೆಗೆದ್ರು, ಅಲ್ಲಲ್ಲಿ ಗುಂಡಿ ಬಿದ್ದು ಬಿಳೀ ಪುಡಿ ಉದುರ್ತಿತ್ತು, ಮಧ್ಯೆ ಬರೀ ತಂತಿ ಉಳಿದಿತ್ತು. ಏನಿದು ಅಂದೆ. ಆನೋಡ್ ರಾಡ್ ಅಂತೆ, ಮೆಗ್ನೀಸಿಯಂದು, ಹೊಸದಾಗಿದ್ದಾಗ ಹೆಬ್ಬೆರಳಿನ ದಪ್ಪ ಇರುತ್ತೆ. ಟ್ಯಾಂಕಿನ ಕಬ್ಬಿಣ ತುಕ್ಕು ಹಿಡೀಬಾರದು ಅಂತ ಅದರ ಬದಲು ಇದು ಸವೆಯುತ್ತೆ, ಇದು ಮುಗಿದ್ಮೇಲೆ ಸರದಿ ಟ್ಯಾಂಕಿಂದು. ನಮ್ಮಂಥ ನೀರಿಗೆ ವರ್ಷ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಗೀಸರ್ ಕೊಂಡಾಗ ಈ ರಾಡ್ ಹೆಸರನ್ನೇ ಯಾರೂ ಹೇಳಿರಲಿಲ್ಲ. ಈಗ ವರ್ಷಕ್ಕೊಂದ್ಸಲ ಬಿಚ್ಚಿಸಿ ನೋಡ್ತೀವಿ, ಟೆಂಪರೇಚರ್ 50 ದಾಟಿಸಲ್ಲ, ಬಿಸಿ ಜಾಸ್ತಿ ಆದಷ್ಟೂ ಸುಣ್ಣ ಬೇಗ ಕಟ್ಟುತ್ತೆ.

ವಾಷಿಂಗ್ ಮಿಷನ್‌ಗೂ ಅದೇ. ಗಡಸು ನೀರಲ್ಲಿ ನೊರೆ ಬರಲ್ಲ ಅಂತ ಪೌಡರ್ ಸುರೀತಾ ಹೋದ್ರೆ ಕರಗದ ಪೌಡರು ಸುಣ್ಣ ಸೇರ್ಕೊಂಡು ಡ್ರಮ್ ಹಿಂದೆ ಲೋಳೆ ಕಟ್ಟುತ್ತೆ, ಆ ಕೆಟ್ಟ ವಾಸನೆ ಅದೇ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ ನೂರು ಗ್ರಾಂ ಸಿಟ್ರಿಕ್ ಆಸಿಡ್ ಪುಡಿ, ನಮ್ಮ ಕಡೆ ನಿಂಬೆ ಉಪ್ಪು ಅಂತಾರೆ, ಹಾಕಿ 60 ಡಿಗ್ರೀಲಿ ಓಡಿಸ್ತೀನಿ, ನಿಮ್ಮ ಮಿಷನ್ನಿನ ಪುಸ್ತಕದಲ್ಲಿ ಏನಿದೆ ಅಂತ ನೋಡ್ಕೊಂಡು ಮಾಡಿ. ಕೆಳಗಿನ ಫಿಲ್ಟರ್ ತೆಗೆದು ತೊಳೀರಿ, ಬಾಗಿಲು ಒಗೆದ್ಮೇಲೆ ತೆರೆದೇ ಬಿಡಿ. ಹೊಸ ಮಿಷನ್ ಬಂದ ದಿನ ಹಿಂದೆ ಮೂರು ನಾಲ್ಕು ಟ್ರಾನ್ಸಿಟ್ ಬೋಲ್ಟ್ (ಸಾಗಿಸುವಾಗ ಡ್ರಮ್ ಅಲ್ಲಾಡದೆ ಇರಲಿ ಅಂತ ಹಾಕಿರೋದು) ಇರುತ್ತೆ, ಅದನ್ನ ಬಿಚ್ಚಿ ನಿಮ್ಮ ಕೈಗೆ ಕೊಟ್ರಾ ಅಂತ ನೋಡ್ಕೊಂಡೇ ಸಹಿ ಹಾಕಿ. ದುಡ್ಡು ಹೊಂದಿಸೋಕಾದ್ರೆ ನೀರಿನ ಗಡಸು ತೆಗೆಯೋ, ಉಪ್ಪಿನಲ್ಲಿ ರೀಚಾರ್ಜ್ ಆಗೋ ಸಾಫ್ಟ್‌ನರ್ ಇಡೀ ಮನೆಗೇ ಹಾಕಿಸೋದು ಒಳ್ಳೇದು, ನಾವು ಮುಂದಿನ ತಿಂಗಳು ಹಾಕಿಸ್ತಿದ್ದೀವಿ, ಇಷ್ಟು ವರ್ಷ ರಿಪೇರಿಗೆ ಕೊಟ್ಟಿದ್ದು ಲೆಕ್ಕ ಹಾಕಿದ್ರೆ ಮೊದಲೇ ಬಂದಿರೋದು.

ಫ್ರಿಜ್ಜಿಗೆ ನೀರಿನ ಕಾಟ ಇಲ್ಲ, ಹಿಂದೆ ಗಾಳಿ ಆಡೋಕೆ ಜಾಗ ಬಿಡಿ, ಕೊಳ್ಳುವಾಗ ಸ್ಟಾರ್ ಎಷ್ಟು ಅನ್ನೋದಕ್ಕಿಂತ ಅದೇ ಸ್ಟಿಕರ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರೋದನ್ನ ಓದಿ, ಅಷ್ಟೇ. ಇನ್ನು ಕುಡಿಯೋ ನೀರಿನ ಆರ್‌ಓ ಫಿಲ್ಟರ್. ಊರೊಳಗೆ ಕಾವೇರಿ ನೀರಿರೋರೂ ಆರ್‌ಓ ಹಾಕಿಸಿ ಒಂದು ಲೀಟರ್ ಕುಡಿಯೋಕೆ ಎರಡು ಮೂರು ಲೀಟರ್ ಮೋರಿಗೆ ಬಿಡ್ತಾರೆ, ನಂಗೆ ನಿಜಕ್ಕೂ ಸಂಕಟ ಆಗುತ್ತೆ. ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಲವಣಗಳ ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ರೆ ಆರ್‌ಓ ಬೇಡ ಅಂತ 2019ರಲ್ಲಿ ಹಸಿರು ನ್ಯಾಯಮಂಡಳಿನೇ ಹೇಳಿದೆ. ಮೊದಲು ಅಳೆದು ನೋಡಿ, ಕಮ್ಮಿ ಇದ್ರೆ ಬೆಳಕಲ್ಲಿ ಕ್ರಿಮಿ ಕೊಲ್ಲೋ ಯುವಿ ಫಿಲ್ಟರ್ ಸಾಕು.

ಹೋದ ಭಾನುವಾರ ಪಾಂಡವಪುರದ ಹತ್ರ ನಮ್ಮೂರಿಗೆ ಹೋಗಿದ್ದೆ. ತೊಟ್ಟಿ ಮನೆ, ಪಡಸಾಲೆಗೆ ಕೆಂಪು ನೆಲ, ನಮ್ಮಪ್ಪ ಹುಟ್ಟೋಕೂ ಮುಂಚೆ ಹಾಕಿದ್ದು. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಕಲಸಿ ಒಂದೇ ಸಮನೆ ಎಳೆದು, ಮೇಸ್ತ್ರಿ ಕುಕ್ಕರಗಾಲಲ್ಲಿ ಹಿಂದಕ್ಕೆ ಹಿಂದಕ್ಕೆ ಸರೀತಾ ಕರಣೇಲಿ ತಿಕ್ಕಿ ತಿಕ್ಕಿ ಹೊಳಪು ತರೋರಂತೆ, ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸೋರಂತೆ. ಅದೂ ಸಿಮೆಂಟೇ, ಹುಣಸೆ ರಸ ಬಿದ್ರೂ ಮಾಸುತ್ತೆ, ಬಿರುಕು ಬಿಟ್ರೆ ತೇಪೆ ಬಣ್ಣ ಹೊಂದಲ್ಲ, ಒದ್ದೆ ಆದ್ರೆ ಜಾರುತ್ತೆ, ಅದನ್ನೂ ಹೇಳಬೇಕು. ಆದ್ರೆ ಊರ ನೀರೂ ಗಡಸೇ ಅಲ್ವಾ. ಅಜ್ಜಿ ಅದನ್ನ ನೀರಲ್ಲಿ ತೊಳೆಯೋಕೆ ಬಿಡ್ತಿರಲಿಲ್ಲ, ಹಿಂಡಿದ ಬಟ್ಟೇಲಿ ಒರೆಸಿ ತಿಂಗಳಿಗೊಂದ್ಸಲ ಕೊಬ್ಬರಿ ಎಣ್ಣೆ ಅದ್ದಿದ ಚಿಂದೀಲಿ ಉಜ್ಜೋರು, ನಾನೂ ಎಷ್ಟು ಸಲ ಉಜ್ಜಿದ್ದೀನಿ. ಅಜ್ಜಿ ದಿನಾ ಕೂತು ಸೊಪ್ಪು ಸೋಸ್ತಿದ್ದ ಕಂಬದ ಪಕ್ಕದ ಜಾಗ ಈಗಲೂ ಉಳಿದದ್ದಕ್ಕಿಂತ ನುಣುಪಾಗಿದೆ, ಕೈ ಇಟ್ರೆ ಗೊತ್ತಾಗುತ್ತೆ.

ಅಲ್ಲೇ ಬಾಗಿಲ ಹತ್ರ ಒಂದು ಮೊಳ ಉದ್ದ ಬಿರುಕು ಬಿಟ್ಟಿದೆ. ಚಿಕ್ಕಪ್ಪ ಎಲ್ಲ ಅಗೆದು ಟೈಲ್ಸ್ ಹಾಕಿಸ್ತೀನಿ ಅಂತಿದ್ದಾರೆ, ದೀಪಾವಳಿವರೆಗೂ ತಡೀರಿ ಅಂತ ಕೇಳ್ಕೊಂಡು ಬಂದಿದ್ದೀನಿ. ಮಂಡ್ಯ, ಶ್ರೀರಂಗಪಟ್ಟಣ, ಮೇಲುಕೋಟೆ ಕಡೆ ಹಳೇ ಥರ ರೆಡ್ ಆಕ್ಸೈಡ್ ಕೆಲಸ ಗೊತ್ತಿರೋ ಮೇಸ್ತ್ರಿ ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ, ಕೂಲಿ ಎಷ್ಟಾದ್ರೂ ಕೊಡ್ತೀವಿ, ಕರ್ಕೊಂಡು ಹೋಗಿ ಬಿಡೋದು ನಮ್ಮ ಜವಾಬ್ದಾರಿ.