ಸತ್ಯಾಂಶ: ಫ್ರಾಂಚೈಸಿ ಪಡೆದರೆ ಇಡೀ ಪ್ರದೇಶ ನಿಮ್ಮದಾಗುತ್ತದೆಯೇ?

‘ರೆಸ್ಟೋರೆಂಟ್ ಫ್ರಾಂಚೈಸಿಗೆ ಸಹಿ ಹಾಕಿದರೆ, ಆ ಪ್ರದೇಶದಲ್ಲಿ ಅದೇ ಬ್ರ್ಯಾಂಡಿನ ಮತ್ತೊಂದು ಮಳಿಗೆಯನ್ನು ಸ್ವತಃ ಕಂಪನಿಯೂ ತೆರೆಯುವಂತಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಪ್ರದೇಶದ ಹಕ್ಕು ಸಹಿಯ ಬೆನ್ನಿಗೆ ತಾನಾಗಿ ಬರುವಂಥದ್ದಲ್ಲ. ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ, ಅದೂ ಬರೆದಷ್ಟು ಮಾತ್ರ ಇರುತ್ತದೆ. ಮಳಿಗೆಯ ವಿಳಾಸವೊಂದನ್ನೇ ನಮೂದಿಸಿ ಸುಮ್ಮನಾಗುವ ಒಪ್ಪಂದಗಳೂ ಉಂಟು. ಅಮೆರಿಕದಲ್ಲಂತೂ, ಫ್ರಾಂಚೈಸಿ ಪಡೆದವರಿಗಷ್ಟೇ ಮೀಸಲಾದ ಪ್ರದೇಶ ಕೊಡದ ಕಂಪನಿಯು ಆ ಸಂಗತಿಯನ್ನು, ಸಹಿಗೆ ಮೊದಲು ಅವರಿಗೆ ಕೊಡಬೇಕಾದ ಮಾಹಿತಿ ದಾಖಲೆಯ 12ನೇ ಅಂಶದಲ್ಲಿ ಮುಂಚಿತವಾಗಿಯೇ ತಿಳಿಸಬೇಕೆಂಬ ನಿಯಮವಿದೆ.

‘ಸಂರಕ್ಷಿತ ಪ್ರದೇಶ’ ಎಂಬ ಪದ ಕಂಡೊಡನೆ ನಿಶ್ಚಿಂತರಾಗುವಂತಿಲ್ಲ. ಮಳಿಗೆಯಿಂದ 3 ಕಿ.ಮೀ. ಒಳಗೆ ಹೊಸ ಮಳಿಗೆ ತೆರೆಯುವುದಿಲ್ಲ ಎನ್ನುವ ಷರತ್ತಿನ ಕೆಳಗೇ, ವಿಮಾನ ನಿಲ್ದಾಣ, ಮಾಲ್, ಆಸ್ಪತ್ರೆಗಳಲ್ಲಿನ ಮಳಿಗೆಗಳು, ಆನ್‌ಲೈನ್ ಡೆಲಿವರಿ ಮತ್ತು ಅಂಗಡಿಗಳಲ್ಲಿ ಮಾರುವ ಪೊಟ್ಟಣಗಳಿಗೆ ಇದು ಅನ್ವಯಿಸದು ಎಂಬ ವಿನಾಯಿತಿಯೂ ಇರಬಹುದು. ನನ್ನ ದೃಷ್ಟಿಯಲ್ಲಿ ಒಪ್ಪಂದದ ನಿಜವಾದ ತಿರುಳಿರುವುದು ಈ ವಿನಾಯಿತಿಗಳಲ್ಲೇ. ಜನ ಅವಸರದಲ್ಲಿ ದಾಟಿಹೋಗುವುದೂ ಅವನ್ನೇ. ದೂರವನ್ನು ನೇರ ಗೆರೆಯಲ್ಲಿ ಅಳೆಯಬೇಕೋ ರಸ್ತೆಯ ಮೂಲಕವೋ ಎಂಬುದನ್ನೂ ಬರವಣಿಗೆಯಲ್ಲೇ ಖಚಿತಪಡಿಸಿಕೊಳ್ಳಬೇಕು. ನಿಗದಿತ ಮಾರಾಟ ಗುರಿ ತಲುಪದಿದ್ದರೆ ಪ್ರದೇಶವನ್ನು ಕುಗ್ಗಿಸುವ ಅಥವಾ ಹಕ್ಕನ್ನೇ ಹಿಂಪಡೆಯುವ ಅಧಿಕಾರವನ್ನು ಕೆಲವು ಕಂಪನಿಗಳು ಉಳಿಸಿಕೊಂಡಿರುತ್ತವೆ.