ವಿದೇಶದಲ್ಲಿ ಗ್ಲೈಡರ್ ಹಾರಾಟ: ಕಾಗದಪತ್ರ ಸಡಿಲವಾಗಲಿ, ಚೆಕ್ ಫ್ಲೈಟ್ ಬಿಗಿಯಾಗಲಿ

ಬೇರೆ ದೇಶದ ಕ್ಲಬ್ಬಿಗೆ ಹೋಗಿ ಅಲ್ಲಿನ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಹಾರಿಸಲು ಹೊರಡುವ ಪೈಲಟ್‌ಗಳ ಮಾತಿನಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಲೈಸೆನ್ಸಿನ ಕಾಗದಪತ್ರಗಳ ಓಡಾಟ ಮುಗಿಯುವುದೇ ಇಲ್ಲ ಎಂಬುದು ಒಂದು. ಕಾಗದಪತ್ರಗಳೆಲ್ಲ ಸರಿಯಿದ್ದರೂ ಹಿಂದಿನ ಸೀಟಿನಲ್ಲಿ ಬೋಧಕರನ್ನು ಕೂರಿಸಿಕೊಂಡು ಚೆಕ್ ಫ್ಲೈಟ್ ಮಾಡಲೇಬೇಕು, ವರ್ಷಗಟ್ಟಲೆ ಹಾರಿದವರನ್ನೂ ಹೊಸಬರಂತೆ ಕಾಣುತ್ತಾರೆ ಎಂಬುದು ಇನ್ನೊಂದು. ಮೊದಲನೆಯ ದೂರಿಗೆ ನನ್ನ ಸಂಪೂರ್ಣ ಸಹಮತವಿದೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಬಹಳಷ್ಟು ಕಡೆ ಆ ಚೆಕ್ ಫ್ಲೈಟ್ ತೀರ ಚಿಕ್ಕದು, ತೀರ ಸುಲಭ ಎಂದೇ ನನ್ನ ಅಭಿಪ್ರಾಯ.

ಮೊದಲು ಕಾಗದದ ವಿಷಯ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನಕ್ಕೆ ಅಡಿಪಾಯ ಹಾಕಿದ 1944ರ ಶಿಕಾಗೊ ಒಪ್ಪಂದದ 33ನೇ ವಿಧಿಯ ಪ್ರಕಾರ, ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸನ್ನು ಇತರ ಸದಸ್ಯ ದೇಶಗಳು ಒಪ್ಪಿಕೊಳ್ಳಬೇಕು. ಅಂದರೆ ನನ್ನ ಲೈಸೆನ್ಸ್ ಎಲ್ಲಿಯದು ಎಂಬುದರಷ್ಟೇ ನಾನು ಕೂರುವ ಗ್ಲೈಡರ್ ಎಲ್ಲಿ ನೋಂದಣಿಯಾಗಿದೆ ಎಂಬುದೂ ಮುಖ್ಯ. ತನ್ನದೇ ಗ್ಲೈಡರನ್ನು ಟ್ರೇಲರಿನಲ್ಲಿ ಎಳೆದುಕೊಂಡು ಗಡಿ ದಾಟುವವರಿಗೆ ಇದರಿಂದ ಅನುಕೂಲವೇ. ಆದರೆ ಖಂಡ ದಾಟಿ ಬರುವ ಅತಿಥಿಗಳಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಬಂದು ಕ್ಲಬ್ಬಿನ ಗ್ಲೈಡರನ್ನೇ ಬಾಡಿಗೆಗೆ ಪಡೆಯುವವರು. ಅವರು ಆ ದೇಶದ ಒಪ್ಪಿಗೆಯನ್ನು ಬೇರೆಯಾಗಿಯೇ ಪಡೆಯಬೇಕು. ಅಮೆರಿಕದಲ್ಲಿ ವಿದೇಶಿ ಲೈಸೆನ್ಸಿನ ಆಧಾರದ ಮೇಲೆ ಖಾಸಗಿ ಪೈಲಟ್ ಪ್ರಮಾಣಪತ್ರ ಕೊಡುವ ದಾರಿಯಿದೆ. ಆದರೆ ಆ ಲೈಸೆನ್ಸ್ ನಿಜವಾದದ್ದೇ ಎಂದು ಅದನ್ನು ಕೊಟ್ಟ ದೇಶದಿಂದ ದೃಢೀಕರಣ ಬರುವವರೆಗೆ ವಾರಗಟ್ಟಲೆ ಕಾಯಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ ಗ್ಲೈಡರ್ ಲೈಸೆನ್ಸಿಗೆ ಏಕರೂಪದ ನಿಯಮಗಳಿವೆ. ಆದ್ದರಿಂದ ಜರ್ಮನಿಯ ಲೈಸೆನ್ಸ್ ಇರುವವರು ಫ್ರಾನ್ಸಿನ ಗ್ಲೈಡರನ್ನು ನೇರವಾಗಿ ಹಾರಿಸಬಹುದು. ಈ ನಿಯಮಗಳ ವ್ಯಾಪ್ತಿಯ ಹೊರಗಿನವರು ಮಾತ್ರ ತಮ್ಮ ಲೈಸೆನ್ಸನ್ನು ಮಾನ್ಯ ಮಾಡಿಸಿಕೊಳ್ಳಬೇಕು ಇಲ್ಲವೇ ಬದಲಾಯಿಸಿಕೊಳ್ಳಬೇಕು.

ಇದೇ ಕ್ರೀಡೆಯ ಬ್ಯಾಡ್ಜುಗಳನ್ನು ನೋಡಿ. ಬೆಳ್ಳಿ ಬ್ಯಾಡ್ಜಿಗೆ 50 ಕಿ.ಮೀ. ದೂರ, 1000 ಮೀಟರ್ ಎತ್ತರದ ಗಳಿಕೆ, 5 ಗಂಟೆಗಳ ಹಾರಾಟ. ಚಿನ್ನದ ಬ್ಯಾಡ್ಜಿಗೆ 300 ಕಿ.ಮೀ. ದೂರ, 3000 ಮೀಟರ್ ಗಳಿಕೆ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ ಈ ಅಳತೆಗಳು ಪೋಲೆಂಡಿನಲ್ಲೂ ನ್ಯೂಜಿಲೆಂಡಿನಲ್ಲೂ ಒಂದೇ, ಅವುಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಒಬ್ಬ ಪೈಲಟ್ ಏನು ಸಾಧಿಸಿದ್ದಾನೆ ಎಂಬುದನ್ನು ಜಗತ್ತೆಲ್ಲ ಒಂದೇ ಮಾತಿಗೆ ಒಪ್ಪುವಾಗ, ಅವನ ಲೈಸೆನ್ಸ್ ಅಸಲಿಯೇ ಎಂದು ತಿಳಿಯಲು ಕಚೇರಿಯಿಂದ ಕಚೇರಿಗೆ ಪತ್ರಗಳು ಅಲೆಯಬೇಕಾದ ಅಗತ್ಯ ಕಾಣುವುದಿಲ್ಲ. ಇದನ್ನು ಸರಳಗೊಳಿಸಿದರೆ ಸುರಕ್ಷತೆಗೆ ಕಿಂಚಿತ್ತೂ ಧಕ್ಕೆಯಾಗದು, ಏಕೆಂದರೆ ಅತಿಥಿಯನ್ನು ಅಪಾಯಕ್ಕೆ ತಳ್ಳುವ ಸಂಗತಿಗಳಲ್ಲಿ ಒಂದೂ ಈ ಕಾಗದಗಳಲ್ಲಿ ಇರುವುದಿಲ್ಲ.

ಆ ಸಂಗತಿಗಳು ಯಾವುವು? ಮೊದಲನೆಯದು ನೆಲ. ಎಂಜಿನ್ ಇಲ್ಲದ ವಿಮಾನ ಏರುಗಾಳಿ ಸಿಗದಿದ್ದರೆ ಇಳಿಯಲೇಬೇಕು, ವಿಮಾನ ನಿಲ್ದಾಣ ದೂರವಿದ್ದರೆ ಯಾರದೋ ಹೊಲದಲ್ಲಿ ಇಳಿಯಬೇಕು. ಬಯಲು ಸೀಮೆಯಲ್ಲಿ ಕಲಿತವರ ಕಣ್ಣು ಯಾವ ಹೊಲವನ್ನು ಸಮತಟ್ಟು ಎನ್ನುತ್ತದೋ ಅದು ಆಲ್ಪ್ಸ್ ಕಣಿವೆಯಲ್ಲಿ ಇಳಿಜಾರಾಗಿರಬಹುದು. ಸುತ್ತಲಿನ ಬೆಟ್ಟಗಳೆಲ್ಲ ಕಡಿದಾಗಿದ್ದಾಗ ನಡುವಿನ ಸಣ್ಣ ಓರೆ ಕಣ್ಣಿಗೆ ಬೀಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ ದೂರದ ತೋಟದ ಮನೆಗಳಿಗೆ ಒಂದೇ ತಂತಿಯಲ್ಲಿ ವಿದ್ಯುತ್ ಸಾಗಿಸುವ ವ್ಯವಸ್ಥೆ ವ್ಯಾಪಕವಾಗಿದೆ. ಕಂಬದಿಂದ ಕಂಬಕ್ಕೆ ಬಹಳ ಅಂತರವಿರುವುದರಿಂದ, ಮೇಲಿನಿಂದ ತಂತಿ ಕಾಣುವುದಿರಲಿ, ಕಂಬಗಳೇ ಗಮನಕ್ಕೆ ಬರುವುದು ಕಷ್ಟ. ತಂತಿಯನ್ನಲ್ಲ, ಮನೆಯನ್ನು ಹುಡುಕಿ, ಅದಕ್ಕೆ ವಿದ್ಯುತ್ ಯಾವ ಕಡೆಯಿಂದ ಬರುತ್ತಿರಬಹುದೆಂದು ಯೋಚಿಸಬೇಕು. ಇದನ್ನು ಅಲ್ಲಿಯವರೇ ಹೇಳಿಕೊಡಬೇಕು.

ಎರಡನೆಯದು ಗಾಳಿ ಮತ್ತು ಬಿಸಿಲು. ಉತ್ತರಾರ್ಧಗೋಳದಲ್ಲಿ ಬೆಳೆದ ಪೈಲಟ್ ಮಧ್ಯಾಹ್ನದ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನ ಮೇಲೆ ಏರುಗಾಳಿ ಹುಡುಕುವುದು ಅಭ್ಯಾಸಬಲದಿಂದ. ನ್ಯೂಜಿಲೆಂಡಿನಲ್ಲಿ ಅದೇ ಹೊತ್ತಿಗೆ ಸೂರ್ಯ ಉತ್ತರದಲ್ಲಿರುತ್ತಾನೆ. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ ಎನ್ನಬಹುದು. ಆದರೆ ಎತ್ತರ ಕಳೆದುಕೊಳ್ಳುತ್ತ ಕ್ಷಣಗಳಲ್ಲಿ ತೀರ್ಮಾನ ಮಾಡಬೇಕಾದಾಗ ಕೈ ನಡೆಯುವುದು ತಿಳಿವಳಿಕೆಯಂತಲ್ಲ, ರೂಢಿಯಂತೆ. 1995ರ ವಿಶ್ವ ಗ್ಲೈಡಿಂಗ್ ಚಾಂಪಿಯನ್‌ಶಿಪ್ ನಡೆದ, ಅದೇ ನ್ಯೂಜಿಲೆಂಡಿನ ಒಮಾರಾಮದಲ್ಲಿ ವಾಯವ್ಯದ ಗಾಳಿ ಸದರ್ನ್ ಆಲ್ಪ್ಸ್ ದಾಟಿ ಬಂದು ಅಲೆಯಾಗಿ ಮೇಲೇಳುತ್ತದೆ. ಆ ಅಲೆಯ ಅಡಿಯಲ್ಲಿ ಸುತ್ತಿ ಸುಳಿಯುವ ಗಾಳಿ ಗ್ಲೈಡರನ್ನು ಅಲ್ಲಾಡಿಸಿಬಿಡುತ್ತದೆ, ಮೇಲೆ ಹೋದರೆ ರೇಷ್ಮೆಯಷ್ಟು ನಯವಾದ ಏರು. ಆ ನಯದಲ್ಲಿಯೇ ಇನ್ನೊಂದು ಅಪಾಯವಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, ಮಾಪಕ ತೋರಿಸುವ ವೇಗಕ್ಕಿಂತ ನಿಜವಾದ ವೇಗ ಬಹಳ ಹೆಚ್ಚಾಗಿರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ವೇಗದ ಮಿತಿಯನ್ನು ಎತ್ತರಕ್ಕೆ ತಕ್ಕಂತೆ ಇಳಿಸಿ ಕೊಟ್ಟಿರುತ್ತಾರೆ. ತಗ್ಗಿನಲ್ಲೇ ಹಾರಿದವರಿಗೆ ಆ ಪಟ್ಟಿಯನ್ನು ತೆರೆದು ನೋಡುವ ಸಂದರ್ಭವೇ ಬಂದಿರುವುದಿಲ್ಲ.

ಮೂರನೆಯದು ಮೇಲೇರುವ ವಿಧಾನ. ಜರ್ಮನಿಯ ಬಹುಪಾಲು ಕ್ಲಬ್ಬುಗಳಲ್ಲಿ ವಿಂಚಿನಿಂದ (ನೆಲದ ಮೇಲಿದ್ದು ಹಗ್ಗ ಸುತ್ತಿಕೊಳ್ಳುವ ಯಂತ್ರ) ಎಳೆಯುತ್ತಾರೆ, ಅಮೆರಿಕದಲ್ಲಿ ಹೆಚ್ಚಾಗಿ ವಿಮಾನದಿಂದ. ಆಸ್ಟ್ರೇಲಿಯಾದಲ್ಲಿ ಎಳೆಯುವ ವಿಮಾನಕ್ಕಿಂತ ಗ್ಲೈಡರ್ ಸ್ವಲ್ಪ ತಗ್ಗಿನಲ್ಲಿ ಹಿಂಬಾಲಿಸುವುದು ವಾಡಿಕೆ, ಬೇರೆ ಹಲವು ಕಡೆ ಮೇಲ್ಮಟ್ಟದಲ್ಲಿ. ಎಳೆಯುವ ಪೈಲಟ್ ರೆಕ್ಕೆ ಅಲ್ಲಾಡಿಸಿದರೆ ತಕ್ಷಣ ಹಗ್ಗ ಬಿಡಬೇಕು. ಚುಕ್ಕಾಣಿಯನ್ನು ಮಾತ್ರ ಅತ್ತಿತ್ತ ಆಡಿಸಿದರೆ ನಿನ್ನ ಏರ್‌ಬ್ರೇಕ್ (ಗ್ಲೈಡರನ್ನು ಬೇಗ ಇಳಿಸಲು ರೆಕ್ಕೆಯಿಂದ ಹೊರಚಾಚುವ ಹಲಗೆ) ತೆರೆದಿದೆಯೇ ನೋಡಿಕೋ ಎಂದು ಅರ್ಥ. ಇವೆರಡನ್ನು ಅದಲುಬದಲು ಮಾಡಿಕೊಂಡು ತಗ್ಗಿನಲ್ಲಿ ಹಗ್ಗ ಬಿಟ್ಟರೆ ಪರಿಣಾಮ ಏನೆಂದು ಹೇಳಬೇಕಾಗಿಲ್ಲ. ಮಾಪಕಗಳ ಭಾಷೆಯೂ ಬೇರೆ. ಒಂದು ಕಡೆ ಎತ್ತರ ಮೀಟರಿನಲ್ಲಿ, ಏರಿಕೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು. ಇನ್ನೊಂದು ಕಡೆ ಎತ್ತರ ಅಡಿಗಳಲ್ಲಿ, ಏರಿಕೆ ನಾಟ್‌ಗಳಲ್ಲಿ (ಒಂದು ನಾಟ್ ಎಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್). ಏರಿಳಿತದ ವೇಗ ತೋರಿಸುವ ವೇರಿಯೋಮೀಟರಿನ ಮುಳ್ಳು 2ರ ಮೇಲೆ ನಿಂತರೆ ಅದು ಒಂದು ದೇಶದಲ್ಲಿ ಒಳ್ಳೆಯ ಏರುಗಾಳಿ, ಮತ್ತೊಂದರಲ್ಲಿ ಅದರ ಅರ್ಧ ಮಾತ್ರ.

ಇಷ್ಟೆಲ್ಲವನ್ನೂ ಮೂರು ಸುತ್ತಿನ ಚೆಕ್ ಫ್ಲೈಟ್ ಹೇಗೆ ತಾನೆ ಪರೀಕ್ಷಿಸೀತು? ನಿಲ್ದಾಣದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೇರವಾಗಿ ಇಳಿಸಿ ತೋರಿಸಿದರೆ, ಈತನಿಗೆ ಗ್ಲೈಡರ್ ಇಳಿಸಲು ಬರುತ್ತದೆ ಎಂದು ಮಾತ್ರ ಗೊತ್ತಾಗುತ್ತದೆ. ಅದು ಅವನ ಲೈಸೆನ್ಸಿನಲ್ಲೇ ಬರೆದಿತ್ತು. ಫ್ರಾನ್ಸಿನ ದಕ್ಷಿಣ ಆಲ್ಪ್ಸ್‌ನಲ್ಲಿ ನನ್ನನ್ನು ಕರೆದೊಯ್ದ ಹಿರಿಯ ಬೋಧಕರು ಹಾಗೆ ಮಾಡಲಿಲ್ಲ. ಮಧ್ಯಾಹ್ನವಿಡೀ ಕಣಿವೆಯಿಂದ ಕಣಿವೆಗೆ ಹಾರಿಸುತ್ತ, ಪ್ರತಿ ತಿರುವಿನಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈಗ ಏರುಗಾಳಿ ನಿಂತುಹೋದರೆ ಎಲ್ಲಿ ಇಳಿಯುತ್ತೀರಿ?" ನಾನು ತೋರಿಸಿದ ಜಾಗವನ್ನು ಅವರು ಪ್ರತಿಬಾರಿಯೂ ಪರಿಶೀಲಿಸಿ, ಅಲ್ಲಿ ಸಂಜೆ ಕಣಿವೆಯ ಗಾಳಿ ಯಾವ ಕಡೆ ತಿರುಗುತ್ತದೆ, ಯಾವ ಬೆಟ್ಟದಿಂದ ಸಾಮಾನು ಸಾಗಿಸುವ ಉಕ್ಕಿನ ಹಗ್ಗ ಇಳಿದಿದೆ ಎಂದು ವಿವರಿಸಿದರು. ಅಂದು ಕಲಿತಷ್ಟನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ರಜೆಯ ದಿನಗಳು ಕಡಿಮೆ, ಹವಾಮಾನ ಕೈಕೊಟ್ಟರೆ ಅವೂ ಹೋಗುತ್ತವೆ, ಎರಡಾಸನದ ಗ್ಲೈಡರಿನ ಬಾಡಿಗೆ ಹೆಚ್ಚು, ಬೋಧಕರಲ್ಲಿ ಬಹುತೇಕರು ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವವರು. ಎಲ್ಲವೂ ನಿಜ. ಆದರೆ ದಿನಗಳು ಕಡಿಮೆಯಿರುವುದೇ ಅತಿಥಿಯ ದೊಡ್ಡ ಅಪಾಯ, ಆಸೆ ಆತುರವಾಗುವುದು ಆಗಲೇ. ನಮೀಬಿಯಾದ ಗ್ಲೈಡಿಂಗ್ ಕೇಂದ್ರ ಬಿಟರ್‌ವಾಸರ್‌ನಲ್ಲಿ ಮೊದಲ 1000 ಕಿ.ಮೀ. ಹಾರಾಟ ಪೂರೈಸಿದವರು ಒಂದು ತಾಳೆಗಿಡ ನೆಡುವ ಸಂಪ್ರದಾಯವಿದೆ. ಆ ಮರಗಳ ಸಾಲನ್ನು ನೋಡಿದ ಯಾರಿಗೂ ತನ್ನದೊಂದು ಗಿಡ ಅಲ್ಲಿರಬೇಕೆಂಬ ಆಸೆ ಹುಟ್ಟದಿರದು. 2003ರಲ್ಲಿ ಜರ್ಮನಿಯ ಗ್ಲೈಡರ್ ಪೈಲಟ್ ಕ್ಲಾಸ್ ಓಲ್ಮನ್ ಆಂಡಿಸ್ ಪರ್ವತಗಳ ಅಲೆಗಾಳಿಯಲ್ಲಿ 3000 ಕಿ.ಮೀ. ದಾಟಿದ ಮೇಲೆ ಅರ್ಜೆಂಟೀನಾದತ್ತ ಕನಸು ಕಾಣುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಆಸೆ ತಪ್ಪಲ್ಲ, ನಾವೆಲ್ಲ ಹಾರುವುದು ಆಸೆಯಿಂದಲೇ. ಆದರೆ ಯುರೋಪಿನ ನಿಯಮದಲ್ಲಿ ಲೈಸೆನ್ಸ್ ಬಳಸಲು ಬೇಕಾದ ಕನಿಷ್ಠ ಅಭ್ಯಾಸ, ಹಿಂದಿನ 24 ತಿಂಗಳಲ್ಲಿ 5 ಗಂಟೆ ಮತ್ತು 15 ಉಡಾವಣೆಗಳ ಜೊತೆಗೆ ಬೋಧಕರೊಂದಿಗೆ 2 ತರಬೇತಿ ಹಾರಾಟ. ಇಷ್ಟನ್ನೇ ಪೂರೈಸಿದವರು ಕಾನೂನಿನ ಕಣ್ಣಿಗೆ ಅರ್ಹರು. ಅಪರಿಚಿತ ಪರ್ವತಕ್ಕೆ ಅವರು ಸಿದ್ಧರಾಗಿದ್ದಾರೆ ಎಂದು ಯಾವ ಬೋಧಕರೂ ಸಹಿ ಹಾಕಲಾರರು.

ಭಾಷೆಯದೂ ಒಂದು ಮಾತು. ಫ್ರಾನ್ಸಿನ ಕೆಲವು ಸಣ್ಣ ನಿಲ್ದಾಣಗಳಲ್ಲಿ ರೇಡಿಯೋ ಮಾತು ಫ್ರೆಂಚಿನಲ್ಲಿ ಮಾತ್ರ ಎಂದು ಅಧಿಕೃತ ನಕ್ಷೆಯಲ್ಲೇ ಗುರುತಿಸಿರುತ್ತಾರೆ. ಎಡಕ್ಕೆ, ಬಲಕ್ಕೆ, ಇಳಿಯುತ್ತಿದ್ದೇನೆ, ರನ್‌ವೇ ಖಾಲಿ ಇದೆ ಎಂಬಷ್ಟನ್ನಾದರೂ ಕಲಿತು ಹೋಗುವುದು ಅತಿಥಿಯ ಕರ್ತವ್ಯ.

ಕ್ಲಬ್ಬುಗಳಿಗೆ ನನ್ನ ವಿನಂತಿ ಹೀಗಿದೆ. ವಿದೇಶಿ ಪೈಲಟ್ ಬರುತ್ತೇನೆಂದು ಪತ್ರ ಬರೆದಾಗ ಲೈಸೆನ್ಸ್ ಮತ್ತು ವಿಮೆಯ ಜೊತೆಗೆ, ಎಂಥ ನೆಲದ ಮೇಲೆ ಹಾರಿದ್ದೀರಿ, ಹೊಲದಲ್ಲಿ ಇಳಿದದ್ದು ಎಂದು, ಯಾವ ವಿಧಾನದಲ್ಲಿ ಮೇಲೇರಿ ಅಭ್ಯಾಸ ಎಂದು ಕೇಳಿ. ಬೋಧಕರೊಂದಿಗೆ ಪೂರ್ತಿ ಮಧ್ಯಾಹ್ನದ ದೂರದ ಹಾರಾಟವೊಂದನ್ನು ಆಯ್ಕೆಗೆ ಬಿಡದೆ, ಅದರ ಶುಲ್ಕವನ್ನು ತಾತ್ಕಾಲಿಕ ಸದಸ್ಯತ್ವದಲ್ಲೇ ಸೇರಿಸಿ, ಆ ಬೋಧಕರ ಸಮಯಕ್ಕೆ ಅದರಿಂದಲೇ ಗೌರವಧನ ಕೊಡಿ. ಮುಂಗಡವಾಗಿ ತಿಳಿಸಿದರೆ ಹೆಚ್ಚಿನ ಅತಿಥಿಗಳು ಆ ಹಣವನ್ನು ಸಂತೋಷದಿಂದ ಕೊಡುತ್ತಾರೆ. ಕೊಡಲೊಪ್ಪದವರಿಗೆ ಒಂದಾಸನದ ಗ್ಲೈಡರ್ ಕೊಡುವ ಅಗತ್ಯವಿಲ್ಲ.